ವರ್ನನ್ ಟ್ರಾಸ್ಕ್ ಅವರ ಎಡಗಾಲು

ಕೌಬಾಯ್ ಚಿತ್ರಗಳ ಲೋಕದಲ್ಲಿ ಶ್ರೀ ವರ್ನನ್ ಟ್ರಾಸ್ಕ್ ಅವರ ಸ್ಥಾನವೇನೆಂಬುದನ್ನು ನನಗಿಂತ ಬಲ್ಲವರು ಈ ಸಂಪುಟದಲ್ಲಿ ಬರೆದಿದ್ದಾರೆ. ಕುದುರೆಯ ಮೇಲೆ ಅವರಷ್ಟು ಗಂಭೀರವಾಗಿ ಕುಳಿತವರಿಲ್ಲ, ಅವರಷ್ಟು ಕಡಿಮೆ ಮಾತನಾಡಿ ಅಷ್ಟೊಂದು ಹೇಳಿದವರಿಲ್ಲ ಎಂಬುದೆಲ್ಲ ನಿಜವೇ. ಆದರೆ ಆ ಕುದುರೆಯ ಮೇಲಿಂದ ಬಿದ್ದವನು ನಾನು. ಅವರ ಡ್ಯೂಪ್ ಆಗಿ, ಅವರಂಥದೇ ಅಂಗಿ ತೊಟ್ಟು, ಮುಖ ಕಾಣದಂತೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಚಿತ್ರೀಕರಣ ನಡೆಯುತ್ತಿದ್ದ ಲೋನ್ ಪೈನ್‌ನ ಬಂಡೆಗಳ ನಡುವೆ ನನ್ನ ಯೌವನವೆಲ್ಲ ಉರುಳಿಹೋಯಿತು. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೂ ನಿವೃತ್ತಿಗೂ ಸೇರಿಸಿ ಸವಾರರ ಸಂಘ ಹೊರತರುತ್ತಿರುವ ಈ ಗ್ರಂಥಕ್ಕಾಗಿ ಬಹಳ ಹೊತ್ತು ಕುಳಿತು ಬರೆಯೋಣವೆಂದರೆ ಸೊಂಟ ಬಿಡುತ್ತಿಲ್ಲ. ಹಾಗಾಗಿ ಒಂದೇ ಸಂಗತಿ ಹೇಳುತ್ತೇನೆ.

ನಾನು ಸೇರಿದ ಕಾಲಕ್ಕೆ ನಮ್ಮಿಬ್ಬರ ಎತ್ತರ, ಭುಜ ಎಲ್ಲವೂ ಒಂದೇ ಅಳತೆ. ದರ್ಜಿ ಪ್ರತಿ ಉಡುಪನ್ನೂ ಜೋಡಿಯಾಗಿ ಹೊಲಿಯುತ್ತಿದ್ದ. ನಾನು ಬಿದ್ದು ನನ್ನ ಅಂಗಿ ಹರಿದರೆ ಅವರದನ್ನೂ ಅದೇ ಜಾಗದಲ್ಲಿ ಹರಿಯಬೇಕು, ನನ್ನ ಮೊಣಕಾಲಿಗೆ ಮಣ್ಣಾದರೆ ಅವರ ಮೊಣಕಾಲಿಗೂ ಮಣ್ಣು ಹಚ್ಚಬೇಕು. ನಮ್ಮ ಕಸುಬು ನಡೆಯುವುದೇ ಹಾಗೆ. ಬೇರೆ ನಟರು ಇದನ್ನು ಸಹಾಯಕರಿಗೆ ಬಿಟ್ಟು ನೆರಳಿಗೆ ಹೋಗುತ್ತಿದ್ದರು. ಟ್ರಾಸ್ಕ್ ಅವರು ಮಾತ್ರ ನನ್ನೆದುರು ಕುಳಿತು, ನನ್ನನ್ನು ನೋಡಿ ನೋಡಿ ತಾವೇ ಮಣ್ಣು ಹಚ್ಚಿಕೊಳ್ಳುತ್ತಿದ್ದರು. ಆ ನೆಪದಲ್ಲಿ ನನಗೆಲ್ಲಿ ಪೆಟ್ಟಾಗಿದೆಯೆಂದು ಹುಡುಕುತ್ತಿದ್ದರೆಂಬುದು ನನಗೆ ಎಷ್ಟೋ ಕಾಲದ ಮೇಲೆ ತಿಳಿಯಿತು.

ಒಂದು ಬೇಸಿಗೆಯಲ್ಲಿ ಕುದುರೆ ನನ್ನ ಮೇಲೆಯೇ ಉರುಳಿ ಸೊಂಟದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು, ಎಡಗಾಲು ಕುಂಟತೊಡಗಿತು. ಕುದುರೆಯಿಂದ ಬೀಳಲು ಕುಂಟು ಅಡ್ಡಿಯಲ್ಲ, ಆದರೆ ಬಿದ್ದವನು ಎದ್ದು ನಡೆಯಬೇಕಲ್ಲ? ದೂರದ ದೃಶ್ಯದಲ್ಲಿ ಕುಂಟುವ ನಾಯಕ ಹತ್ತಿರದ ದೃಶ್ಯದಲ್ಲಿ ನೆಟ್ಟಗೆ ನಡೆದರೆ ಜನ ನಗುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಮೂರನೆಯ ಸಲ ಬಸುರಿ. ನನಗೆ ಬೀಳುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ನಿರ್ದೇಶಕ ಹಾರ್ಲನ್ ಬ್ರೀಡ್ ಊಟದ ಬಂಡಿಯ ಬಳಿ ಎಲ್ಲರೆದುರೇ ಹೇಳಿದ:

“ಬೇಜಾರ್ ಮಾಡ್ಕೋಬೇಡ ಆರ್ವಿಲ್. ಸೋಮವಾರದಿಂದ ಬೇರೆಯವನ್ನ ಕರ್ಸ್ತಿದೀನಿ. ನಿನಗೋಸ್ಕರ ನಾಯಕ ಕುಂಟೋಕಾಗತ್ತಾ?”

ಬೀನ್ಸ್ ತಿನ್ನುತ್ತಿದ್ದ ಟ್ರಾಸ್ಕ್ ಅವರು ತಲೆಯೆತ್ತದೆ ಕೇಳಿದರು, “ಯಾಕಾಗಲ್ಲ?”

“ಅವನು ಯಾಕೆ ಕುಂಟ್ತಾನೆ ಅಂತ ಕಥೇಲಿ ಇಲ್ವಲ್ಲ, ವರ್ನನ್.”

“ಅವನು ಯಾಕೆ ಮಾತಾಡಲ್ಲ ಅಂತಾನೂ ಇಲ್ಲ. ಯಾರಾದ್ರೂ ಕೇಳಿದಾರಾ?”

ಎದ್ದು, ತಟ್ಟೆ ತೊಳೆಯುವ ತೊಟ್ಟಿಯವರೆಗೆ ಕುಂಟುತ್ತ ಹೋದರು. “ಬಾಸ್, ಅದು ಬಲಗಾಲು,” ಎಂದೆ. ಬ್ರೀಡ್ ಗೊಣಗಿಕೊಂಡೇ ಒಪ್ಪಿದ, ಟ್ರಾಸ್ಕ್ ಇಲ್ಲದೆ ಅವನಿಗೆ ಚಿತ್ರವೇ ಇರಲಿಲ್ಲ. ರೂಢಿಯಾಗುವಷ್ಟರಲ್ಲಿ ಒಂದು ದೃಶ್ಯ ತಪ್ಪು ಕಾಲಿನಲ್ಲೇ ಮುಗಿದುಹೋಗಿತ್ತು. ಆ ಚಿತ್ರದಲ್ಲಿ ಇಂದಿಗೂ ನಾಯಕ ಹೊಳೆಯವರೆಗೆ ಬಲಗಾಲು ಕುಂಟುತ್ತಾನೆ, ಹೊಳೆ ದಾಟಿದ ಮೇಲೆ ಎಡಗಾಲು. ವಿಮರ್ಶಕರೊಬ್ಬರು ಇದರಲ್ಲಿ ನಾಯಕನ ಅಂತರಂಗದ ತುಮುಲವನ್ನು ಕಂಡು ಅರ್ಧ ಪುಟ ಬರೆದರು.

ಆ ನಡಿಗೆ ಜನರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನು ಬಿಡಲು ಸ್ಟುಡಿಯೋ ಒಪ್ಪಲಿಲ್ಲ. ಅಂಗಡಿಯ ಉದ್ಘಾಟನೆಗೂ ಕುಂಟಬೇಕು, ಭಾನುವಾರ ಚರ್ಚಿಗೂ ಕುಂಟಬೇಕು. ನೆಟ್ಟಗೆ ನಡೆದದ್ದು ಯಾರ ಕಣ್ಣಿಗಾದರೂ ಬಿದ್ದರೆ ಇಷ್ಟು ದಿನ ಮೋಸ ಮಾಡಿದನೆಂದಾರು. ನನ್ನ ಮಕ್ಕಳು ಓದಿ ದೊಡ್ಡವರಾದದ್ದು ಆ ಕುಂಟಿನಿಂದ. ನಾನು ಕುದುರೆ ಹತ್ತಲಾರದವನಾದ ಮೇಲೂ, ಎದುರಿಗೆ ಕೂರಲು ಒಬ್ಬ ಬೇಕೆಂದು ಹೇಳಿ ನನ್ನನ್ನು ಉಳಿಸಿಕೊಂಡರು.

ಕಳೆದ ವಸಂತದಲ್ಲಿ ಅವರ ಕೊನೆಯ ಚಿತ್ರ ಮುಗಿಯಿತು. ದೀಪಗಳನ್ನೆಲ್ಲ ಲಾರಿಗೆ ತುಂಬುತ್ತಿದ್ದರು. ನಾವಿಬ್ಬರೂ ಮಡಚುವ ಕುರ್ಚಿಗಳಲ್ಲಿ ಸುಸ್ತಾಗಿ ಕುಳಿತಿದ್ದೆವು.

“ಮುಗೀತಲ್ಲ ಬಾಸ್,” ಎಂದೆ. “ಇನ್ನಾದ್ರೂ ನೆಟ್ಟಗೆ ನಡೀರಿ.”

“ಮನೇಲಿ ನಡೆದು ನೋಡ್ದೆ ಕಣೋ. ಆಗಲ್ಲ. ಕುಂಟಿ ಕುಂಟಿ ಕೀಲು ಪೂರ್ತಿ ಸವೆದು ಹೋಗಿದೆಯಂತೆ, ಡಾಕ್ಟ್ರು ಹೇಳಿದ್ರು.”

“ಯಾವಾಗಿಂದ ನೋವು?”

“ನೀನಿನ್ನೂ ಬೀಳ್ತಿದ್ದೆ, ಆಗಿಂದ.”

“ಒಂದು ಮಾತು ಹೇಳಲಿಲ್ವಲ್ಲ.”

“ಹೇಳಿದ್ರೆ ನೀನು ಕೆಲಸ ಬಿಟ್ಟು ಹೋಗ್ತಿದ್ದೆ.”

ಹೋಗುತ್ತಿದ್ದೆ, ನಿಜ. ಅಂದಿನಿಂದ ಆ ಮಾತು ನನ್ನನ್ನು ತಿನ್ನುತ್ತಿದೆ.

ಇಂಥ ಗ್ರಂಥಗಳಲ್ಲಿ ಮಾನ್ಯರಿಂದ ಕಲಾಸೇವೆ ಹೀಗೆಯೇ ಮುಂದುವರಿಯಲಿ ಎಂದು ಹಾರೈಸುವುದು ವಾಡಿಕೆ. ನಾನು ಹಾಗೆ ಹಾರೈಸಲಾರೆ. ಅವರು ದಣಿದಿದ್ದಾರೆ. ದೇವರು ಅವರಿಗೆ ದೀರ್ಘಾಯುಷ್ಯ ಕೊಡಲಿ, ಆ ಆಯುಷ್ಯದಲ್ಲಿ ಯಾರೂ ಅವರನ್ನು ಒಂದಿಷ್ಟು ನಡೆದು ತೋರಿಸಿ ಎಂದು ಕೇಳದಿರಲಿ. ಸನ್ಮಾನದ ದಿನಕ್ಕೆಂದು ವೇದಿಕೆಗೆ ಆರು ಮೆಟ್ಟಿಲು ಕಟ್ಟಿಸಿದ್ದಾರೆಂದು ಕೇಳಿದೆ. ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಟ್ರಾಸ್ಕ್ ಅವರ ಹೆಸರು ಕರೆದಾಗ ಅವರು ಕುರ್ಚಿಯಲ್ಲೇ ಕುಳಿತಿರಲಿ. ಮೆಟ್ಟಿಲು ನಾನು ಹತ್ತುತ್ತೇನೆ. ಅದು ನನ್ನ ಕೆಲಸ.