ಯಾವ ಬ್ಲಾಕಿನ ನಲವತ್ತೆರಡು?

ಕಾಮಾಕ್ಷಿಪಾಳ್ಯದ ಸತ್ಯವತಿಗೆ ಸಿಟ್ಟು ಬಂದರೆ ದೀಪಾಂಜಲಿ ನಗರದಲ್ಲಿ ಮೆಟ್ರೋ ನಿಂತುಬಿಡುತ್ತದೆ ಎನ್ನುವವರಿದ್ದಾರೆ. ಶುದ್ಧ ಸುಳ್ಳು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಆಕೆ ಸೇತುರಾಮರ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಗಾರ್ಮೆಂಟ್ಸಿನವರ ಕಾಲರ್ ಪ್ರೆಸ್‌ಗಳ ಕಂಟ್ರೋಲ್ ಬೋರ್ಡಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವಳು. ಕಾದ ತಟ್ಟೆ ಎಷ್ಟು ಹೊತ್ತು ಕೆಳಗೆ ಒತ್ತಿರಬೇಕು, ಎಷ್ಟು ಹೊತ್ತು ಮೇಲೆ ನಿಂತಿರಬೇಕು ಎಂಬ ಅಂಕಿಗಳು ಚಿಪ್‌ನ ಅಳಿಸದ ಮೆಮೊರಿಯಲ್ಲಿರುತ್ತವೆ. ಆ ಮೆಮೊರಿಯ ಹೆಸರು ‘ಕೋಡ್’. ಅಂಕಿಗಳ ಅಡ್ರೆಸ್ ಹಿಡಿದು ಅವನ್ನು ಓದುವ ಪಾಯಿಂಟರ್‌ಗೂ ಆಕೆ ಅದೇ ಹೆಸರು ಹಾಕಿದ್ದಳು.

ಆಕೆ ರಜೆಯಲ್ಲಿದ್ದಾಗ ಸೇತುರಾಮರ ಭಾವಮೈದ ಮುರಳೀಕೃಷ್ಣ ಪ್ರೋಗ್ರಾಂ ‘ಚೊಕ್ಕ’ ಮಾಡಿದ್ದ. ಪಾಯಿಂಟರ್‌ನ ‘ಕೋಡ್’ ತೆಗೆದು ‘ಎಕ್ಸ್‌ಡೇಟಾ’, ಅಂದರೆ ಕರೆಂಟ್ ಹೋದರೆ ಅಳಿಸಿಹೋಗುವ ಹೊರಗಿನ ರ್‍ಯಾಮ್, ಎಂದು ಹಾಕಿದ್ದ. ಪ್ರೋಗ್ರಾಂ ಅನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಸಿದ್ದಕ್ಕೆ ಅದರ ಬಾಯಿಯನ್ನೂ ಮುಚ್ಚಿಸಿದ್ದ. ಸತ್ಯವತಿ ಬಂದು ನೋಡುವಷ್ಟರಲ್ಲಿ ಬೋರ್ಡುಗಳು ಬ್ಯಾಡರಹಳ್ಳಿಯ ಫ್ಯಾಕ್ಟರಿಗೆ ಹೋಗಲು ಬಾಗಿಲಲ್ಲಿ ನಿಂತ ಟೆಂಪೋ ಹತ್ತಿದ್ದವು.

“ಅಡ್ರೆಸ್ ನಂಬರ್ ಒಂದೇ ಅಲ್ವಾ ಮೇಡಂ? ಯಾಕಿಷ್ಟು ಕೂಗಾಡ್ತೀರಾ?” ಎಂದ ಮುರಳಿ.

“ರೀ, ರಾಜಾಜಿನಗರದಲ್ಲಿ ಬ್ಲಾಕಿಗೊಂದು ನಲವತ್ತೆರಡನೇ ನಂಬರ್ ಮನೆ ಇದೆ. ನಿಮ್ಮ ದಿಬ್ಬಣ ಬೇರೆ ಬ್ಲಾಕಿನ ನಲವತ್ತೆರಡಕ್ಕೆ ಹೋಗಿದ್ರೆ, ನಂಬರ್ ಸರಿ ಇದೆ ಅಂತ ಅಲ್ಲಿರೋ ಅಜ್ಜಿಗೇ ತಾಳಿ ಕಟ್ತಿದ್ರಾ?”

ಸೇತುರಾಮರು ಮಧ್ಯೆ ಬಂದರು. “ಟೆಸ್ಟಿಂಗ್ ಪಾಸಾಗಿದೆಯಲ್ಲಮ್ಮಾ.”

“ಟೆಸ್ಟ್ ಮಾಡಿದ್ದು ಈ ಟೇಬಲ್ ಮೇಲಿರೋ ಬೋರ್ಡಲ್ಲಿ. ಅದರ ರ್‍ಯಾಮ್‌ಗೆ ಬ್ಯಾಟರಿ ಇದೆ ಸಾರ್. ನಾನೇ ಟ್ರಯಲ್‌ಗೆ ಅದೇ ಜಾಗದಲ್ಲಿ ಅಂಕಿಗಳ ಕಾಪಿ ಇಟ್ಟಿದ್ದೆ. ಇವ್ರು ಓದಿರೋದು ಆ ಹಳೇದನ್ನ. ಹೊಸ ಬೋರ್ಡಲ್ಲಿ ಅಲ್ಲಿರೋದು ಬರೀ ಕಸ!”

“ಕಂಪ್ಲೇಂಟ್ ಬಂದ್ರೆ ಆಮೇಲೆ ನೋಡೋಣ ಬಿಡಮ್ಮಾ.”

ಆಮೇಲೆ! ಆ ಫ್ಯಾಕ್ಟರಿಯಲ್ಲಿ ತಟ್ಟೆ ಮೇಲೆದ್ದ ಕೂಡಲೇ ಕೈ ಹಾಕಿ ಕಾಲರ್ ತೆಗೆಯುವವಳು ಸುಮಾ. ಹೋದ ಸಲ ಮೆಷಿನ್ ನೋಡಲು ಹೋಗಿದ್ದಾಗ ಸತ್ಯವತಿಗೆ ತನ್ನ ಡಬ್ಬಿಯಿಂದ ಚಿತ್ರಾನ್ನ ಬಡಿಸಿದ್ದಳು. ಕಸದ ಅಂಕಿ ನಂಬಿ ತಟ್ಟೆ ಇಳಿದರೆ ಆ ಬೆರಳುಗಳ ಗತಿಯೇನು? ಸತ್ಯವತಿಯ ನೆತ್ತಿಯ ಮೇಲೆ ಆಗ ದೋಸೆ ಹುಯ್ದಿದ್ದರೆ ಮಗುಚುವ ಮೊದಲೇ ಸೀದುಹೋಗುತ್ತಿತ್ತು.

ಟೆಂಪೋದಿಂದ ಒಂದು ಹೊಸ ಬೋರ್ಡ್ ಕಿತ್ತುತಂದು ಟ್ರಯಲ್ ಪ್ರೆಸ್ಸಿಗೆ ಜೋಡಿಸಿದಳು. “ಬನ್ನಿ ಸಾರ್, ಪಾಸಾಗಿದೆಯಲ್ಲ, ಕೈ ಇಡಿ.”

ಸೇತುರಾಮರ ಕೈಗಳು ಜೇಬು ಸೇರಿದವು. ಮುರಳಿ ಭಾವನ ಬೆನ್ನ ಹಿಂದೆ ಸೇರಿದ.

ಆಕೆ ಒಂದು ಕಾಲರ್ ಇಟ್ಟು ಸ್ವಿಚ್ ಒತ್ತಿದಳು. ತಟ್ಟೆ ಇಳಿಯಿತು, ಎದ್ದಿತು. ಕಣ್ಣು ಮಿಟುಕಿಸುವ ಮೊದಲೇ ಮತ್ತೆ ಧಡ್ ಎಂದು ಬಿತ್ತು. ಎದ್ದಿತು, ಬಿತ್ತು. ಮಾಗಡಿ ರಸ್ತೆಯ ಬಸ್ಸುಗಳೆಲ್ಲ ಹಾರ್ನ್ ಮರೆತವು.

ಸೇತುರಾಮರು ಬಾಗಿಲಿಗೆ ಓಡಿದರು. “ಇಳಿಸ್ರಪ್ಪಾ,” ಎಂದು ಟೆಂಪೋದವರಿಗೆ ಕೂಗಿದರು, “ಒಂದನ್ನೂ ಬಿಡ್ಬೇಡಿ.”

ಮುರಳಿ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ.

“ಎಲ್ಲಿಗ್ರೀ? ಕೂತ್ಕೊಳ್ಳಿ,” ಎಂದಳು ಸತ್ಯವತಿ. “ಅಷ್ಟೂ ಬೋರ್ಡಿಗೆ ಮತ್ತೆ ಪ್ರೋಗ್ರಾಂ ತುಂಬೋದು ನೀವೇ. ನಾನು ಪಕ್ಕದಲ್ಲಿ ನಿಂತು ಬೈತಾ ಇರ್ತೀನಿ.”