ಟೇಬಲ್ಲಿನ ಕಾಲಿಗೆ ನಿಂಬಿಹಣ್ಣು

ನನ್ನ ತಮ್ಮ ಅನಿಲಕುಮಾರನ ಸುದ್ದಿ ಯಾರಾದ್ರೂ ತಗದ್ರ ನನಗ ಮೊದಲು ತಲಿನೋವು ಬರ್ತದ, ಮಾತು ಆಮ್ಯಾಲ ಬರ್ತದ. ನಲವತ್ತರ ಹತ್ರ ಬಂದಾನ. ಲಗ್ನ ಆಗೋ ಅಂದ್ರ ಬ್ಯಾಡ ಅಂತಾನ, ನೌಕರಿ ಹುಡುಕೋ ಅಂದ್ರ ನಗ್ತಾನ. ಅವಂಗ ಬೇಕಾಗಿದ್ದು ಒಂದೇ, ಹನ್ನೆರಡು ಫೂಟಿನ ಒಂದು ಟೇಬಲ್ಲು. ಅದನ್ನ ಎಲ್ಲಿ ತಂದು ಇಟ್ಟಾನ ಅಂತೀರಿ? ನನ್ನ ಮನಿ ಮುಂದಿನ ಹಾಲಿನಾಗ!

ನಾನು ಮೌನೇಶ್ವರಿ, ಮಾನ್ವಿಯಾಗ ಸರಕಾರಿ ಶಾಲಿ ಟೀಚರ್. ನಮ್ಮಪ್ಪ ಮಲ್ಲಟದಾಗ ಮಂದಿ ಹೊಲದಾಗ ದುಡದು ನನ್ನ ಓದಿಸಿದ. ಅನಿಲಗ ಓದು ಹತ್ತಲಿಲ್ಲ. ಸಣ್ಣಾಂವ ಇದ್ದಾಗ್ಲೇ ರಾಯಚೂರಿಗೆ ಹೋಗಿ ಒಂದು ಕ್ಲಬ್ಬಿನಾಗ ಚಾ ಕೊಡೋ ಕೆಲಸಕ್ಕ ಸೇರಿದ, ಮುಂದ ಅಲ್ಲೇ ಮಾರ್ಕರ್ ಆದ. ಮಾರ್ಕರ್ ಅಂದ್ರ, ಸಾಹೇಬ್ರು ಸ್ನೂಕರ್ ಆಡುವಾಗ ಬಾಜೂಕ ನಿಂತು ಪಾಯಿಂಟ್ ಹೇಳೋದು, ತೂತಿಗೆ ಬಿದ್ದ ಚೆಂಡು ತಗದು ತಿರುಗಿ ಟೇಬಲ್ ಮ್ಯಾಲ ಇಡೋದು, ಹಸರು ಬಟ್ಟಿಗೆ ಬ್ರಷ್ ಹೊಡದು ಇಸ್ತ್ರಿ ಮಾಡೋದು. ಹೌದ್ರಿ, ಟೇಬಲ್ಲಿಗೆ ಇಸ್ತ್ರಿ! ತನ್ನ ಅಂಗಿಗೆ ಒಂದಿನ ಇಸ್ತ್ರಿ ಮಾಡಿದಾಂವ ಅಲ್ಲ ಇವ.

ಹೋದ ವರ್ಷ ಆ ಕ್ಲಬ್ಬಿಗೆ ಹೊಸ ಕಮಿಟಿ ಬಂತು. ಸ್ನೂಕರ್ ಈಗ ಯಾರು ಆಡ್ತಾರ, ಈ ಜಾಗದಾಗ ಜಿಮ್ ಮಾಡೋಣು ಅಂದ್ರು. ಟೇಬಲ್ಲು ಒಯ್ಯಾಕ ಯಾರೂ ಬರಲಿಲ್ಲ. “ನೀನ ಒಯ್ಯಪಾ” ಅಂತ ಇವಂಗ ಹೇಳಿದ್ರು. ಬುದ್ಧಿ ಇದ್ದಾಂವ ಕೈ ಮುಗದು ಬರ್ತಿದ್ದ. ಇವ ಟ್ರ್ಯಾಕ್ಟರ್ ತಂದ. ಆ ಟೇಬಲ್ಲಿನ ಹೊಟ್ಯಾಗ ಐದು ಕಲ್ಲಿನ ಹಾಸು ಅದಾವ್ರಿ, ಒಂದೊಂದು ಎತ್ತಾಕ ನಾಕು ಮಂದಿ ಹಮಾಲರು ಬೇಕು. ನಾನು ಶಾಲಿ ಬಿಟ್ಟು ಮನಿಗೆ ಬರ್ತೀನಿ, ಟ್ಯೂಷನ್ ಹೇಳಾಕಂತ ನಾ ಕಟ್ಟಿಸಿದ ಹಾಲು ತುಂಬ ಆ ಟೇಬಲ್ಲು ಕುಂತು ಬಿಟ್ಟದ.

“ಏನೋ ಇದು?” ಅಂದೆ.

“ಅಕ್ಕಾ, ಇಲ್ಲಿ ಮಕ್ಕಳಿಗೆ ಕಲಸ್ತೀನಿ.”

“ಏನು ಕಲಸ್ತಿ? ಚಾ ಕೊಡೋದಾ?”

“ಸ್ನೂಕರ್” ಅಂದ, ಮಗ್ಗಿ ಕಲಸ್ತೀನಿ ಅಂದಷ್ಟು ಸಲೀಸಾಗಿ.

ಮಾನ್ವಿಯಾಗ ಸ್ನೂಕರ್! ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವಂತ. ನಮ್ಮ ಮನಿಯವ್ರು ದೇವದುರ್ಗ ಡಿಪೋದಾಗ ಕಂಡಕ್ಟರ್. ಅವರಿಗಾದ್ರೂ ಹೇಳಿ ನೋಡೋಣು ಅಂದ್ರ, “ಇರ್ಲಿ ಬಿಡ, ಪಾಪ” ಅಂದ್ರು. ದಿನಾ ಬಸ್ಸಿನಾಗ “ಹಿಂದ ಸರೀರಿ, ಹಿಂದ ಸರೀರಿ” ಅಂತ ಊರ ಮಂದೀನ್ನೆಲ್ಲ ಗದರಸೋ ಮನಿಷಾ, ನನ್ನ ತಮ್ಮನ ಮುಂದ ಬೆಕ್ಕು. ಇನ್ನ ನಮ್ಮವ್ವ ದುರುಗಮ್ಮ, ಮಗ ಮನಿಗೆ ಬಂದ ಅಂತ ಹೋಳಿಗಿ ಮಾಡಿ ಬಡಸಿದ್ಲು. ನಾ ಯಾರ ಮುಂದ ಅಳಬೇಕು ಹೇಳ್ರಿ.

ಮಕ್ಕಳನ್ನ ಹುಡುಕ್ಕೊಂಡು ಇವ ಮನಿ ಮನಿ ತಿರುಗಿದ. ಹಮಾಲಿ ಮಾಡೋ ಉರುಕುಂದಪ್ಪ, “ಇಸ್ಪೀಟು ಇದ್ದಂಗೇನು? ನಮ್ಮ ಹುಡುಗಂಗ ಬ್ಯಾಡ” ಅಂದ. ಬಟ್ಟಿ ಹೊಲಿಯೋ ಮಹಬೂಬೀ, “ಸಿನಿಮಾದಾಗ ರೌಡಿಗಳು ಆಡ್ತಾರಲ್ಲ, ಅದಾ?” ಅಂತ ಕೇಳಿದ್ಲು. ದೇವದುರ್ಗದ ಒಂದು ಶಾಲಿಗೂ ಹೋಗಿದ್ದ. ಹೆಡ್ ಮಾಸ್ಟರ್ ಮುಂದ ಚೀಲದಿಂದ ಸ್ನೂಕರ್ ಆಡೋ ಉದ್ದನ್ನ ಕೋಲು ತಗದಾನ. ಹೊಡಿಯಾಕ ಬಂದಾನಂತ ತಿಳದು ಅವ್ರು ಜವಾನನ್ನ ಕೂಗಿದ್ರಂತ. ಹಂಗಾತಂತ ಮನಿಗೆ ಬಂದು ತಾನ ನಗಕೋತ ಹೇಳಿದ. ನಾಚಿಕಿ ಅನ್ನೋದು ಒಂದು ಕಾಳು ಇಲ್ಲ.

ಆದ್ರೂ ಮಕ್ಕಳು ಬಂದ್ವು. ಮಕ್ಕಳಿಗೆ ಯಾವುದು ಬ್ಯಾಡ ಅಂದ್ರ ಅದ ಬೇಕು. ಉರುಕುಂದಪ್ಪನ ಮಗ ಶಿವರಾಜ, ಮಹಬೂಬೀ ಮಗಳು ಹುಮೇರಾ, ಮತ್ತ ಓಣಿಯ ನಾಕೈದು. ಇವ ಒಂದು ವಾರ ಕೋಲು ಮುಟ್ಟಗೊಡಲಿಲ್ಲ, ಬರೇ ನಿಂದ್ರೋದು ಕಲಿಸಿದ. ಎಡಗೈ ಬಟ್ಟಿ ಮ್ಯಾಲ ಊರಿ, ಬೆರಳು ಅಗಲ ಮಾಡಿ, ಹೆಬ್ಬೆರಳು ಎತ್ತಿ ಹಿಡಿಬೇಕು. ಆ ಸಂದಿನಾಗ ಕೋಲು ಹಿಂದ ಮುಂದ ಆಡಬೇಕು, ಗದ್ದ ಕೋಲಿಗೆ ತಾಗಬೇಕು. ಎತ್ತರ ಸಾಲದ ಹುಡುಗ್ರ ಕಾಲಾಗ ನಮ್ಮವ್ವ ಕುಂದ್ರೋ ಕಟ್ಟಿಗಿ ಮಣಿ ಒಯ್ದು ಇಟ್ಟ. ಆಕಿ ಬರೀ ನೆಲದ ಮ್ಯಾಲ ಕುಂತು ರೊಟ್ಟಿ ಬಡದ್ಲು.

“ಬಿಳಿ ಚೆಂಡಿಗೆ ಅಷ್ಟೇ ಹೊಡಿಬೇಕು” ಅಂತ ಹೇಳೋನು. “ಅದು ಹೋಗಿ ಕೆಂಪಿಗೆ ಬಡದು, ಕೆಂಪು ತೂತಿಗೆ ಬೀಳಬೇಕು. ಕೆಂಪು ಬಿದ್ರ ಒಂದು ಬಣ್ಣದ ಚೆಂಡಿಗೆ ಪಾಳಿ. ಅದಾದ್ಮ್ಯಾಲ ಮತ್ತ ಕೆಂಪು.” ಕೇರಂ ಆಡಿದ ಕೈ ಅವು, ಬೆರಳಲೇ ಚಿಮ್ಮಾಕ ಹೋಗೋವು. ಇವ ಬೈತಿದ್ದಿಲ್ಲ. “ಚೆಂಡಿನ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ, ಅದು ತಪ್ಪಿಸ್ಕೋತದ” ಅಂತಿದ್ದ. ಚೆಂಡಿನ ಮ್ಯಾಲ ಸಿಟ್ಟು ಮಾಡಬಾರದಂತ. ಅಕ್ಕನ ನೆತ್ತಿಗೆ ಸಿಟ್ಟು ಏರಿದ್ರ ನಡಿತದ.

ನನ್ನ ಮಗಳು ಯಶೋದಾ ಏಳನೇ ಕ್ಲಾಸು. ಆಕಿನ್ನ ಆ ಹಾಲಿಗೆ ಕಾಲಿಡಾಕ ನಾ ಬಿಟ್ಟಿಲ್ಲ. ಹೊಸ್ತಿಲಾ ದಾಟಿದ್ರ ಕಾಲು ಮುರಿತೀನಿ ಅಂತ ಖಡಕ್ಕಾಗಿ ಹೇಳಿದ್ದೆ. ಓದೋ ಹುಡುಗಿ ಓದಬೇಕು.

ಒಂದಿನ ಸಂತ್ಯಾಗ ಉರುಕುಂದಪ್ಪ ಸಿಕ್ಕು ಕೈ ಮುಗದ. “ಟೀಚರ್, ನಮ್ಮ ಶಿವರಾಜ ಗಣಿತದಾಗ ಈಗ ಹೆಂಗದಾನ್ರಿ? ದಿನಾ ನಿಮ್ಮ ಟ್ಯೂಷನ್‌ಗೆ ಕಳಸಾಕತ್ತೀನಿ.” ನನ್ನ ಕೈಯಾಗಿನ ಬದನಿಕಾಯಿ ಕೆಳಗ ಬಿದ್ವು. ಮನಿಗೆ ಬಂದು ಒಂದೊಂದ ಹುಡುಗುರನ್ನ ಹಿಡದು ಕೇಳಿದೆ. ಎಲ್ಲಾ ಮನಿಯಾಗ ಅದ ಸುಳ್ಳು. ಟೀಚರ್ ಹತ್ರ ಟ್ಯೂಷನ್ ಅಂತ! ನನ್ನ ಹೆಸರು ಹಾಕಿ!

ಅವತ್ತ ಅನಿಲಗ ಹೇಳಿಬಿಟ್ಟೆ. “ದಸರಾ ತನಕ ನಿನಗ ಟೈಮು, ಅಲ್ಲಿ ತನಕ ನಾ ಯಾರಿಗೂ ಹೇಳಂಗಿಲ್ಲ. ಬನ್ನಿ ದಿನ ಈ ಮಕ್ಕಳ ಅಪ್ಪ ಅವ್ವ ನನ್ನ ಮುಂದ ಬಂದು, ನಮ್ಮ ಮಕ್ಕಳಿಗೆ ಇದನ್ನ ಕಲಸ್ರಿ ಅಂತ ಬಾಯಿಬಿಟ್ಟು ಅನ್ನಬೇಕು. ಇಲ್ಲಂದ್ರ ಟೇಬಲ್ಲು ಹೊರಗ. ಕಲ್ಲು ತಗದು ಬಚ್ಚಲಕ್ಕ ಹಾಸ್ತೀನಿ.”

ಜಗಳ ಮಾಡ್ತಾನೇನೋ ಅಂತ ಸೆರಗು ಸೊಂಟಕ್ಕ ಸಿಗಿಸಿ ನಿಂತಿದ್ದೆ. ಅವ ಜಗಳ ಮಾಡಲಿಲ್ಲ. “ಆತಕ್ಕಾ” ಅಂದ. ಆಮ್ಯಾಲ ಸಣ್ಣ ದನಿಲೇ ಅಂದ, “ನನಗ ಇವರಷ್ಟು ವಯಸ್ಸಿದ್ದಾಗ ಯಾರೂ ಕೋಲು ಕೈಗೆ ಕೊಡಲಿಲ್ಲ. ಕೊಡೋ ಹೊತ್ತಿಗೆ ಮೀಸಿ ಬಂದಿದ್ವು, ಕೈ ಬಿರುಸಾಗಿತ್ತು. ಆಟ ನೋಡಿ ಗೊತ್ತಿತ್ತು, ಆಡಾಕ ಬರಲಿಲ್ಲ.” ಹಿಂಗ ಮಾತಾಡಿದ್ರ ಮನಿಷಾರು ಬೈಯೋದಾದ್ರೂ ಹೆಂಗ? ನಾ ಒಲಿ ಮುಂದ ಹೋಗಿ ಪಾತ್ರಿ ಸಪ್ಪಳ ಮಾಡಿದೆ.

ಆಯುಧ ಪೂಜಾ ದಿನ ದೇವದುರ್ಗ ಡಿಪೋದಾಗ ಬಸ್ಸಿಗೆ ಪೂಜಾ ಇರ್ತದ. ನಮ್ಮ ಮನಿಯವ್ರು ಬಾ ಬಾ ಅಂತ ಕರದಿದ್ರು, ನಾನೂ ಅನಿಲನೂ ಹೋಗಿದ್ವಿ. ಮನಿಯಾಗ ಅವ್ವ, ಯಶೋದಾ ಇಬ್ರೇ. ಮಧ್ಯಾಹ್ನ ತಿರುಗಿ ಬಂದು ಹಾಲಿನ ಬಾಗಲಾ ತಗದ್ರ, ಯಪ್ಪಾ ಶಿವನೇ!

ಟೇಬಲ್ಲಿಗೆ ಪೂಜಾ ಆಗಿತ್ತು. ನಾಕೂ ಮೂಲಿಗೆ ಬಾಳಿ ಕಂದು ಕಟ್ಟಿದ್ರು. ಚೆಂಡು ಹೂವಿನ ಹಾರ ಹಾಕಿದ್ರು. ಹಸರು ಬಟ್ಟಿ ಮ್ಯಾಲ, ದಿನಾ ಇಸ್ತ್ರಿ ಹೊಡೆಸ್ಕೊಳ್ಳೋ ಆ ಬಟ್ಟಿ ಮ್ಯಾಲ, ಮೂರು ಬೆರಳಲೇ ಉದ್ದಕ ವಿಭೂತಿ ಎಳದು ನಡುವ ಕುಂಕುಮ ಕಲಸಿ ಹಚ್ಚಿದ್ರು. ಮೂಲಿ ಕಟ್ಟಿಗಿಗೆ ಟೆಂಗಿನಕಾಯಿ ಒಡದಾರ, ನೀರೆಲ್ಲ ಬಟ್ಟಿ ಕುಡದದ. ತೂತಿನ ಕೆಳಗಿನ ದಾರದ ಬಲಿಯಾಗ ಊದಿನಕಡ್ಡಿ ಸಿಗಿಸಿ ಒಂದು ಬಲಿ ಸುಟ್ಟಾರ. ಒಂದೊಂದು ಚೆಂಡಿಗೂ ಅರಿಷಿಣ ಕುಂಕುಮ. ಎಂಟೂ ಕಾಲಿನ ಬುಡಕ್ಕ, ಗಾಡಿ ಗಾಲಿಗೆ ಇಟ್ಟಂಗ, ಒಂದೊಂದು ನಿಂಬಿಹಣ್ಣು! ಟೇಬಲ್ಲೇನು ಕವಿತಾಳಕ್ಕ ಹೊಂಟಿತ್ತೇನ್ರಿ, ನಿಂಬಿಹಣ್ಣು ಹತ್ತಿಸ್ಕೊಂಡು?

ಹುಡುಗರೆಲ್ಲ ಸಾಲಾಗಿ ನಿಂತಿದ್ವು, ಹಣಿಗೆ ವಿಭೂತಿ, ಸರ್ ಖುಷಿ ಆಗ್ತಾರಂತ ಹಲ್ಲು ಕಿಸಗೊಂಡು. ಅನಿಲ ಬಟ್ಟಿ ಮ್ಯಾಲ ಬೆರಳಿಟ್ಟ. ಬೆರಳು ಕೆಂಪಾತು. ಹುಟ್ಟಿದಾಗಿಂದ ಅವ ದನಿ ಎತ್ತಿದ್ದು ನಾ ಕೇಳಿದಾಕಿ ಅಲ್ಲ. ಅವತ್ತ ಕೇಳಿದೆ.

“ಯಾರ್ಲೇ ಇದನ್ನ ಮಾಡಿದ್ದು? ಯಾರು ಹೇಳಿದ್ರು ನಿಮಗ? ನಡೀರಿ ಹೊರಗ! ಇನ್ನ ಬರಬ್ಯಾಡ್ರಿ!”

ಹುಡುಗರು ಚಪ್ಲಿ ಬಿಟ್ಟು ಓಡಿದ್ವು. ಹುಮೇರಾ ಬಾಗಲದಾಗ ನಿಂತು ಅತ್ತು, ಆಮ್ಯಾಲ ಓಡಿದ್ಲು. ನಮ್ಮವ್ವ ಒಳಗಿಂದ, “ಪೂಜಾ ಮಾಡಿದ್ರ ಬೈತಾರೇನೋ ಯಪ್ಪಾ? ನಾನ ಕುಂತು ಹೇಳೀನಿ ಕುಂಕುಮ ಎಲ್ಲೆಲ್ಲಿ ಹಚ್ಚಬೇಕಂತ” ಅಂದ್ಲು. ಅನಿಲ ಒಂದು ಒದ್ದಿ ಅರಬಿ ತಗೊಂಡು ಬಟ್ಟಿ ಒರಸಿದ. ಒರಸಿದಷ್ಟೂ ಕುಂಕುಮ ಹರಡ್ತು.

ಮರುದಿನ ಬನ್ನಿ. ನಾನು ಎದ್ದು ನೋಡಿದ್ರ ಅನಿಲ ಪಾನಾ ಹಿಡಕೊಂಡು ಟೇಬಲ್ಲಿನ ನಟ್ಟು ಬಿಚ್ಚಾಕತ್ತಾನ.

“ಸಂಜಿ ತನಕ ಟೈಮದ ಅಲ್ಲೋ” ಅಂದೆ. ಯಾಕ ಅಂದೆನೋ ನನಗೂ ಗೊತ್ತಿಲ್ಲ.

“ಯಾರು ಬರ್ತಾರಕ್ಕಾ? ಮಕ್ಕಳನ್ನ ನಾನ ಓಡಿಸಿ ಬಿಟ್ಟೆ.”

ಆವಾಗ ಯಶೋದಾ ಓಡಿ ಬಂದ್ಲು. ಹೊಸ್ತಿಲಾ ದಾಟಿದ್ಲು, ನಾ ನೋಡಾಕತ್ತಂಗ ದಾಟಿದ್ಲು, ಮಾಮನ ಕೈಯಾಗಿನ ಪಾನಾ ಹಿಡದು ಜಗ್ಗಿದ್ಲು. “ಮಾಮಾ, ತೆಗಿಬ್ಯಾಡ. ಪೂಜಾ ಆದ ವಸ್ತು ಮನಿಂದ ಹೊರಗ ಹಾಕಬಾರದಂತ. ಅಜ್ಜಿ ಹೇಳ್ಯಾಳ.”

“ಹಾಕಬಾರದು ಮತ್ತ” ಅಂದ್ಲು ನಮ್ಮವ್ವ. “ಮನಿಗೆ ಛಲೋ ಅಲ್ಲ.”

ನನ್ನ ತಲ್ಯಾಗ ಟಕ್ ಅಂತು. “ಏ ಯಶೋದಾ, ಪೂಜಾ ಮಾಡಸಿದ್ದು ನೀನೇನು?”

ಆಕಿ ನೆಲ ನೋಡಿದ್ಲು. “ಹೊರಗ ಹಾಕ್ತೀನಿ ಅಂದಿ ನೀ. ಪೂಜಾ ಆದ್ರ ನಿನಗ ಹಾಕಾಕ ಬರಂಗಿಲ್ಲಂತ ಮಾಡಿದೆ. ಬಟ್ಟಿ ಕೆಡ್ತದಂತ ನನಗ ಗೊತ್ತಿದ್ದಿಲ್ಲ.” ಹುಡುಗುರು ಬೈಸ್ಕೊಂಡು ಓಡಿದ್ವು, ಒಂದಾದ್ರೂ ಈಕಿ ಹೆಸರು ಹೇಳಲಿಲ್ಲ. ಮನಿ ದೀಪ ಅಂತ ಮುದ್ದಿಟ್ರ ಗಡ್ಡ ಸುಟ್ಟಿತಂತ. ನನ್ನ ಕೈ ಮ್ಯಾಲೆದ್ದಿತ್ತು, ಅಷ್ಟರಾಗ ಅಂಗಳದಾಗ ಮಂದಿ ಸಪ್ಪಳ ಆತು.

ಉರುಕುಂದಪ್ಪ, ಮಹಬೂಬೀ, ಹಿಂದ ಮುಂದ ಓಣಿ ಮಂದಿ. ಕೈಯಾಗ ಬನ್ನಿ, ಬಾಯಾಗ ಜಗಳ. ಅತ್ತು ಮನಿಗೆ ಹೋದ ಮಕ್ಕಳು ರಾತ್ರಿ ಉಣ್ಣದ ಎಲ್ಲಾ ಖರೆ ಹೇಳಿಬಿಟ್ಟಿದ್ವಂತ.

“ಟ್ಯೂಷನ್ ಅಂದಿದ್ರಲ್ರಿ ಟೀಚರ್?” ಅಂದ ಉರುಕುಂದಪ್ಪ.

“ನಾ ಅಂದಿಲ್ಲಪಾ! ನಿನ್ನ ಮಗ ಅಂದಾನ!”

ಅವ ಹಾಲಿನಾಗ ಬಂದ. ಬಾಳಿ ಕಂದು ನೋಡಿದ, ವಿಭೂತಿ ನೋಡಿದ, ಕಾಲಿನ ಬುಡದ ನಿಂಬಿಹಣ್ಣು ಬಗ್ಗಿ ನೋಡಿದ. ದನಿ ಇಳೀತು. “ಪೂಜಾ ಮಾಡ್ಯಾರ ಅಂದ್ರ ಕೆಟ್ಟದ್ದೇನು ಇರಲಿಕ್ಕಿಲ್ಲ ಬಿಡ್ರಿ.” ಶಿವರಾಜ ಅಪ್ಪನ ಅಂಗಿ ಜಗ್ಗಿ, ಬಿಳಿ ಚೆಂಡು ಯಾವುದು, ಪಾಳಿ ಹೆಂಗ ಅಂತ ಹೇಳಾಕ ಶುರು ಮಾಡಿದ. ಹುಮೇರಾ ಸರ್‌ಗ ಬನ್ನಿ ಕೊಟ್ಟು, “ಸಿಟ್ಟು ಬಿಡ್ರಿ ಸರ್” ಅಂದ್ಲು. ಅನಿಲ ಬನ್ನಿ ಇಸ್ಕೊಂಡು ಮುಖ ಆಕಡಿ ತಿರುವಿದ.

ಮಹಬೂಬೀ ಮಾತ್ರ ಬಾಗಲಾ ಬಿಟ್ಟು ಒಳಗ ಬರಲಿಲ್ಲ. “ಟೀಚರಮ್ಮಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ಛಲೋ ಆಟ ಆಗಿದ್ರ ನಿಮ್ಮ ಮಗಳು ಯಾಕ ಆಡಂಗಿಲ್ಲ? ದಿನಾ ಹೊರಗ ಕಿಡಕಿ ಹತ್ರ ನಿಂತಿರ್ತಾಳಂತ, ನಮ್ಮ ಹುಮೇರಾ ಹೇಳ್ತಾಳ. ನಿಮ್ಮ ಮಗಳು ಆಡಿದ್ರ ನನ್ನ ಮಗಳೂ ಆಡ್ತಾಳ. ಇಲ್ಲಂದ್ರ ಇಲ್ಲ.”

“ಅದ ಖರೆ ಮಾತು” ಅಂದ ಉರುಕುಂದಪ್ಪ. ಎಲ್ಲಾರೂ ನನ್ನ ಕಡಿ ತಿರುಗಿದ್ರು.

ನಾನು ಅಂದ್ಕೊಂಡಿದ್ದೆ, ಈ ಊರ ಮಂದಿ ಹೌದು ಅನ್ನವಲ್ರು ಅಂತ. ಖರೆ ನೋಡಿದ್ರ ಊರು ನಾ ಏನು ಮಾಡ್ತೀನಿ ಅಂತ ನನ್ನ ಬಾಗಲಾ ನೋಡಿ ಕುಂತಿತ್ತು. ಈಗ ಬ್ಯಾಡ ಅಂದ್ರ ಸಂಜಿಗೆ ಹಾಲು ಖಾಲಿ, ನನಗ ಬೇಕಾಗಿದ್ದು ಅದ. ಅನಿಲ ಒಂದು ಮಾತು ಕೇಳಬೇಕಿಲ್ಲೇನ್ರಿ? “ಅಕ್ಕಾ, ಹೂಂ ಅನ್ನ” ಅಂತ ಕೇಳಿದ್ರ ಬೈದಾದ್ರೂ ಹಗುರಾಗ್ತಿದ್ದೆ. ಕೇಳಲಿಲ್ಲ. ಬಿಚ್ಚಿದ ನಟ್ಟು ಅಂಗೈಯಾಗ ಹಿಡಕೊಂಡು ನೆಲ ನೋಡಿಕೋತ ನಿಂತಿದ್ದ, ಕ್ಲಬ್ಬಿನಾಗ ಸಾಹೇಬ್ರ ಮುಂದ ನಿಂದರತಿದ್ನಲ್ಲ, ಹಂಗ. ನನ್ನ ಮನಿಯಾಗ, ನನ್ನ ಮುಂದ.

“ಏನು ಗೊಂಬಿ ನಿಂತಂಗ ನಿಂತೀರಿ ಎಲ್ಲಾರು?” ಅಂತ ಒದರಿದೆ. “ಆಕಿಗೆ ಒಂದು ಕೋಲು ಕೊಡೋ, ಮಬ್ಬ!”

ಅನಿಲ ಕೊಟ್ಟ. ಬಿಳಿ ಚೆಂಡಿನ ಕುಂಕುಮ ತನ್ನ ಅಂಗಿಲೇ ಒರಸಿ ಇಟ್ಟ. ಯಶೋದಾ ಎಡಗೈ ಬಟ್ಟಿ ಮ್ಯಾಲ ಊರಿದ್ಲು. ಬೆರಳು ಅಗಲಾದ್ವು, ಹೆಬ್ಬೆರಳು ಎದ್ದು ನಿಂತಿತು, ಗದ್ದ ಇಳದು ಕೋಲಿಗೆ ತಾಗ್ತು. ಕೋಲು ಮುಟ್ಟಿದ್ದು ಅವತ್ತ ಮೊದಲು. ಆದ್ರ ಆ ಕೈ ಮಾತ್ರ ಎಲ್ಲಾ ಕಲಿತು ಕುಂತಿತ್ತು. ಅನಿಲನ ಬಾಯಿ ತಗದದ್ದು ತಗದಂಗ ಇತ್ತು.

ಹೊಡಿಯೋದು ಬಿಟ್ಟು ಆಕಿ ತಲಿ ಎತ್ತಿ ನನ್ನ ನೋಡಿದ್ಲು. ಬೈತಾಳೇನೋ, ಕಾಲು ಮುರಿತಾಳೇನೋ ಅಂತ ನೋಡಿದ್ಲು. ಹುಡುಗಿ ಕಣ್ಣಾಗ ನಾನು ಅಂದ್ರ ಅಷ್ಟು ಅಂಜಿಕಿ ಅದ ಅಂತ ನನಗ ಅವತ್ತಿನ ತನಕ ಗೊತ್ತಿದ್ದಿಲ್ಲ.

“ನನ್ನ ಮುಖ ಏನು ನೋಡ್ತಿಯಬೇ?” ಅಂದೆ. ದನಿ ಒಡೀತು, ಒಡದ್ರ ಒಡೀಲಿ. “ಮುಖದಾಗ ಏನು ಚೆಂಡು ಅದಾವೇನು? ಟೇಬಲ್ ನೋಡು. ಹೊಡಿ.”