ಕಾಗೆಗೆ ಇಟ್ಟ ಎಡೆ

ಮನುಷ್ಯರನ್ನು ತಿನ್ನುವವರ ಸುದ್ದಿ ಬಂದರೆ ನಾನು ನಗುತ್ತಿದ್ದೆ. ಎಲ್ಲೋ ಕೆಲವರು ಸತ್ತ ಹಿರಿಯರನ್ನು ಗೌರವದಿಂದಲೇ ತಿನ್ನುತ್ತಿದ್ದರಂತೆ, ಮಣ್ಣಿಗೆ ಹಾಕುವುದೇ ಅವರಿಗೆ ನಿರ್ದಯ ಅನ್ನಿಸುತ್ತಿತ್ತಂತೆ ಎಂದು ಓದಿ, ಶಾಲೆಯಲ್ಲಿ ಮಕ್ಕಳಿಗೂ ಹೇಳಿದ್ದೆ. ಸತ್ತವರು ಇನ್ನೊಬ್ಬರ ಬಾಯಿಂದ ಮಾತಾಡುತ್ತಾರೆ ಎಂಬುದನ್ನಂತೂ ನಂಬಿರಲೇ ಇಲ್ಲ.

ಗಣಿ ಭರಾಟೆಯ ಕಾಲ ಅದು. ನಮ್ಮ ಪಾಪಿನಾಯಕನಹಳ್ಳಿಯ ಸುತ್ತ ಎಲ್ಲೆಲ್ಲಿಂದಲೋ ಕೂಲಿಗಳು ಬಂದಿದ್ದರು. ಅವರಲ್ಲಿ ಹೆಣ ತಿನ್ನುವವರಿದ್ದಾರೆ ಎಂದು ಗುಲ್ಲು. ಆಗಲೇ ಸಂಡೂರಿನಿಂದ ಅದಿರು ತರುತ್ತಿದ್ದ ನಮ್ಮಣ್ಣ ಲಾರಿ ಪಲ್ಟಿಯಾಗಿ ಸತ್ತ.

ಮೂರನೇ ದಿನ, ಮಣ್ಣು ಮಾಡಿದಲ್ಲಿ ಅವನಿಗೆ ಎಡೆ ಇಟ್ಟೆವು. ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದು ಮುಟ್ಟುವ ತನಕ ಉಣ್ಣುವುದಿಲ್ಲ ಎಂದು ಅವ್ವ ಮನೆಯಲ್ಲಿ ಬರೀ ನೀರು ಕುಡಿದುಕೊಂಡಿದ್ದಳು. ಮಧ್ಯಾಹ್ನವಾದರೂ ಒಂದು ಕಾಗೆಯೂ ಇಳಿಯಲಿಲ್ಲ. ನಾನು, ಸೋದರಮಾವ ಬೇವಿನ ನೆರಳಿಗೆ ಸರಿದು ಕೂತೆವು.

ಆಗ ಮೈಯೆಲ್ಲ ಕೆಂಪು ಧೂಳು ಮೆತ್ತಿದ ಕೂಲಿಯೊಬ್ಬ ಬಂದು, ಎಡೆಯ ಮುಂದೆ ಕೂತು ಉಣ್ಣತೊಡಗಿದ.

“ಹೆಣದ ಕೂಳು ತಿನ್ನಾಕತ್ತಾನಲೇ. ಇವ್ರು ಹೆಣಾನೂ ಬಿಡಂಗಿಲ್ಲ,” ಎಂದ ಮಾವ.

ಅವನು ಕೈಮುಗಿದು ಹಿಂದಿಯಲ್ಲಿ ಹಸಿವು ಎಂದ. ಮಾವ ಬೈದದ್ದು ಒಂದೂ ಅವನಿಗೆ ತಿಳಿದಂತಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ಆ ಮುಕ್ಕಾಲು ನನಗಿರಲಿಲ್ಲ. ಕಲ್ಲೆತ್ತಿ ಬೀಸಿದೆ. ಹೆಗಲಿಗೆ ಬಿತ್ತು. ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಎದ್ದ. ನನ್ನನ್ನೇ ನೋಡಿ, ಅಚ್ಚ ನಮ್ಮೂರ ಮಾತಿನಲ್ಲಿ, “ಅರ್ಧ ಮಾಸ್ತರ, ಅವ್ವಗ ಉಣ್ಣಾಕ ಹೇಳು,” ಎಂದ.

ಶಾಲೆಯಲ್ಲಿ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೇ ‘ಅರ್ಧ ಮಾಸ್ತರ’ ಎಂದು ನನ್ನನ್ನು ಕಾಡುತ್ತಿದ್ದವನು ಅಣ್ಣನೊಬ್ಬನೇ, ಅದೂ ಮನೆಯೊಳಗೆ ಮಾತ್ರ. ನಾನು ಹಿಂದೆ ಓಡುವಷ್ಟರಲ್ಲಿ ಅವನು ರಸ್ತೆ ಸೇರಿದ್ದ. ಲಾರಿಗಳ ಧೂಳಿನಲ್ಲಿ ಎತ್ತ ಹೋದನೋ ಕಾಣಲಿಲ್ಲ.

ಅಣ್ಣನ ಗೆಳೆಯನಿರಬಹುದೇ? ಇದ್ದರೂ, ಅವ್ವ ಉಣ್ಣದೆ ಕೂತದ್ದು ಅವನಿಗೆ ಹೇಗೆ ಗೊತ್ತು? ವಾರಗಟ್ಟಲೆ ಗಣಿಗಳಲ್ಲಿ ವಿಚಾರಿಸಿದೆ, ಯಾರೂ ಗುರುತು ಹೇಳಲಿಲ್ಲ. ತನಗೇನೂ ಕೇಳಿಸಲಿಲ್ಲ ಎನ್ನುತ್ತಾನೆ ಮಾವ. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಗೆಳೆಯನಾಗಿದ್ದರೂ ಪಾಪ ನನ್ನದೇ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು.

“ಮುಟ್ಟಿತೇನಪಾ?”

“ಮುಟ್ಟೇತವ್ವಾ. ನೀ ಉಣ್ಣು.”

ತಾಟಿನ ಮುಂದೆ ಕೂತವಳು ತುತ್ತೆತ್ತುವ ಮೊದಲು ಕೇಳಿದಳು: “ಹೊಟ್ಟಿ ತುಂಬ ಉಂಡನೇನ?”

ಹೂಂ ಎಂದೆ. ಅರ್ಧ ಊಟದಲ್ಲಿ ಎಬ್ಬಿಸಿ ಓಡಿಸಿದವನು ನಾನೇ ಎಂದು ಅವಳಿಗೆ ಕೊನೆಯವರೆಗೂ ಹೇಳಲಾಗಲಿಲ್ಲ.